ಹನ್ನೆರಡು ಎಣಿಸಲು ಬಂದರೆ ಸಾಕು: ವಿಲಿಯಂ ಗ್ರಾಂಟ್ ಸ್ಟಿಲ್ ಅವರ ‘ಆಫ್ರೋ-ಅಮೆರಿಕನ್ ಸಿಂಫನಿ’ ಕೇಳುವ ಬಗೆ

ಸಿಂಫನಿ ಕೇಳೋಣ ಎಂದು ಕೂತು ಹತ್ತೇ ನಿಮಿಷಕ್ಕೆ ಆಕಳಿಸಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕಥೆಯೂ ಅದೇ. ನಮ್ಮ ಕಚೇರಿಯಲ್ಲಾದರೆ ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ತೊಡೆಯ ಮೇಲೆ ತಾಳ ಹಾಕುತ್ತಾ ಕೂರಬಹುದು. ಸಿಂಫನಿಯಲ್ಲಿ ಎಂಬತ್ತು ಜನ ಒಟ್ಟಿಗೆ ನುಡಿಸುತ್ತಾರೆ, ಹಾಡುವವರು ಯಾರೂ ಇಲ್ಲ. ಹಿಡಿದುಕೊಳ್ಳಲು ಒಂದು ಕಂಬವೇ ಸಿಗುವುದಿಲ್ಲ.

ಆ ಕಂಬ ಸುಲಭವಾಗಿ ಸಿಗುವ ಒಂದು ಸಿಂಫನಿ ಇದೆ. ಅಮೆರಿಕದ ವಿಲಿಯಂ ಗ್ರಾಂಟ್ ಸ್ಟಿಲ್ 1930ರಲ್ಲಿ ಬರೆದ ‘ಆಫ್ರೋ-ಅಮೆರಿಕನ್ ಸಿಂಫನಿ’. ಸುಮಾರು 25 ನಿಮಿಷ, ನಾಲ್ಕು ಭಾಗ. ಶುರುವಿನಲ್ಲೇ ಬರುವ ಒಂದು ಪುಟ್ಟ ಮಟ್ಟು ಇಡೀ ಕೃತಿಯನ್ನು ಹೊತ್ತುಕೊಂಡಿದೆ. ಅದೊಂದನ್ನು ಗುನುಗಲು ಕಲಿತರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ. ಈ ಬರಹವೆಲ್ಲ ಆ ಮಟ್ಟಿನ ಬೆನ್ನು ಹತ್ತುವ ಕೆಲಸ. ನಾಲ್ಕೈದು ದಿನ, ದಿನಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಒಂದೇ ಸಂಜೆ ಮುಗಿಸುವ ಹಟ ಬೇಡ.

ಮೊದಲು ಧ್ವನಿಮುದ್ರಿಕೆ ಆರಿಸಿಕೊಳ್ಳಿ

ಹುಡುಕಿದರೆ ಹಲವು ಸಿಗುತ್ತವೆ. ನೀಮೆ ಯಾರ್ವಿ ನಡೆಸಿದ ಡೆಟ್ರಾಯಿಟ್ ಸಿಂಫನಿ ಆರ್ಕೆಸ್ಟ್ರಾದ್ದು ಚಾಂಡೋಸ್ ಕಂಪನಿಯಿಂದ 1993ರಲ್ಲಿ ಬಂತು. ಜಾನ್ ಜೀಟರ್ ನಡೆಸಿದ ಫೋರ್ಟ್ ಸ್ಮಿತ್ ಸಿಂಫನಿಯದ್ದು ನ್ಯಾಕ್ಸೋಸ್‌ನಲ್ಲಿ 2005ರಲ್ಲಿ ಬಂತು. ಫೋರ್ಟ್ ಸ್ಮಿತ್ ಇರುವುದು ಅರ್ಕಾನ್ಸಾ ರಾಜ್ಯದಲ್ಲಿ, ಸ್ಟಿಲ್ ಬೆಳೆದದ್ದೂ ಅದೇ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ. ತವರಿನವರೇ ನುಡಿಸಿದಂತಾಯಿತು. ಎರಡರಲ್ಲಿ ಯಾವುದಾದರೂ ಸರಿ. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಶುರುವಿನಲ್ಲೇ ಇದು ಅದು ಎಂದು ಬದಲಾಯಿಸುತ್ತಾ ಹೋದರೆ ಕಿವಿಗೆ ಗೊಂದಲ.

ಇಯರ್‌ಫೋನ್ ಇದ್ದರೆ ಒಳ್ಳೆಯದು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ವಾದ್ಯಗಳು ಕೇಳಿಸುವುದೇ ಇಲ್ಲ. ಜೊತೆಗೆ ಒಂದು ಹಾಳೆ, ಒಂದು ಪೆನ್ನು.

ಪ್ಲೇ ಒತ್ತುವ ಮೊದಲು ಹನ್ನೆರಡು ಎಣಿಸಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಈ ಲೆಕ್ಕ ಕೈಗೆ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ.

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಬಗೆ ‘ಬ್ಲೂಸ್’. ಹತ್ತಿಯ ಹೊಲ, ರೈಲು ಹಳಿ, ಜೈಲು, ಕೈಕೊಟ್ಟ ಪ್ರೀತಿ, ಖಾಲಿ ಜೇಬು ಎಲ್ಲವೂ ಅದರಲ್ಲಿ ಬರುತ್ತವೆ. ಅದರ ಒಂದು ಸುತ್ತಿಗೆ ಸಾಮಾನ್ಯವಾಗಿ ಹನ್ನೆರಡು ಬಾರ್. ಒಂದು ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 48.

ಈ 48 ಅನ್ನು ಆದಿತಾಳದಲ್ಲಿ ಹಾಕಿ ನೋಡಿ. ಎಂಟರಂತೆ ಸರಿಯಾಗಿ ಆರು ಆವರ್ತನ! ಬ್ಲೂಸ್ ಹಾಡುವವರಿಗೆ ಆದಿತಾಳ ಗೊತ್ತಿರಲಿಲ್ಲ, ನಿಜ. ಆದರೆ ನಮ್ಮ ಕೈಗೆ ಅದು ಗೊತ್ತಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ. ಹಾಡಿಗೆ ಮೂರು ಸಾಲು, ಸಾಲಿಗೆ ಎರಡು ಆವರ್ತನ.

ಸಾಲುಗಳ ಕ್ರಮವೂ ಗೊತ್ತುಪಡಿಸಿದ್ದು. ಮೊದಲ ಸಾಲು ಒಂದು ಸಂಗತಿ ಹೇಳುತ್ತದೆ. ಎರಡನೆಯದು ಅದನ್ನೇ ಮತ್ತೆ ಹೇಳುತ್ತದೆ. ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ, ಇಲ್ಲವೇ ಕುಟುಕುತ್ತದೆ. ತಮಾಷೆಗೆ ಕನ್ನಡದಲ್ಲಿ ಒಂದು ಕಟ್ಟಿದ್ದೇನೆ:

ರೈಲು ಹೋಯ್ತು ಕಣೋ, ನನ್ನ ಬಿಟ್ಟೇ ಹೋಯ್ತು
ಅಯ್ಯೋ, ರೈಲು ಹೋಯ್ತು ಕಣೋ, ನನ್ನ ಬಿಟ್ಟೇ ಹೋಯ್ತು
ಟಿಕೆಟ್ಟೇನೋ ಇತ್ತು ಕೈಲಿ, ಹತ್ತೋ ಧೈರ್ಯ ಎಲ್ಲೋಯ್ತು

ಇದನ್ನು ಜೋರಾಗಿ ಹೇಳಿ, ತಾಳ ಹಾಕಿ. ಪ್ರತಿ ಸಾಲೂ ಮೊದಲ ಆವರ್ತನದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಎರಡನೆಯ ಆವರ್ತನ ಹೆಚ್ಚುಕಮ್ಮಿ ಖಾಲಿ. ಆ ಖಾಲಿ ಜಾಗದಲ್ಲಿ ಗಿಟಾರೋ ಪಿಯಾನೋನೋ ಮಾತಿಗೆ ಮಾತು ಕೊಡುತ್ತದೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಆ ಬಗೆಯ ಕರೆ ಮತ್ತು ಓಗೊಡುವಿಕೆ ಇದು. ಈ ಓಗೊಡುವಿಕೆಯನ್ನು ನೆನಪಿಟ್ಟುಕೊಳ್ಳಿ, ಸ್ಟಿಲ್ ಇದನ್ನು ತುಂಬ ಚೆನ್ನಾಗಿ ದುಡಿಸಿಕೊಂಡಿದ್ದಾರೆ.

ಇನ್ನೊಂದು ವಿಷಯ, ಆಧಾರ. ನಮ್ಮಲ್ಲಿ ತಂಬೂರಿ ಷಡ್ಜ ಹಿಡಿದರೆ ಕಚೇರಿ ಮುಗಿಯುವ ತನಕ ಅಲುಗುವುದಿಲ್ಲ. ಬ್ಲೂಸ್‌ನಲ್ಲಿ ಕೆಳಗಿನ ಆಧಾರವೇ ಜರುಗುತ್ತದೆ. ಮೊದಲ ಸಾಲಿನಲ್ಲಿ ಅದು ‘ಸ’ ಮೇಲೆ ಕೂತಿರುತ್ತದೆ. ಎರಡನೆಯ ಸಾಲಿನ ಶುರುವಿಗೆ ‘ಮ’ಗೆ ಹೋಗಿ, ಅರ್ಧದಲ್ಲಿ ‘ಸ’ಗೆ ವಾಪಸ್ಸು ಬರುತ್ತದೆ. ಮೂರನೆಯ ಸಾಲಿಗೆ ‘ಪ’ಗೆ ಜಿಗಿದು ಮತ್ತೆ ಮನೆಗೆ. ಮನೆ, ಪಕ್ಕದ ಬೀದಿ, ಮನೆ, ಊರಾಚೆ, ಮನೆ. ಇಷ್ಟೇ ದಾರಿ.

ಕೊನೆಯದಾಗಿ ‘ಬ್ಲೂ ನೋಟ್’ಗಳು. ಬ್ಲೂಸ್ ಹಾಡುವವರ ಗಾಂಧಾರ ನಮ್ಮ ಕೆಳಗಿನ ‘ಸಾಧಾರಣ’ ಗಾಂಧಾರಕ್ಕೂ ಮೇಲಿನ ‘ಅಂತರ’ ಗಾಂಧಾರಕ್ಕೂ ನಡುವೆ ಎಲ್ಲೋ ಜಾರುತ್ತಿರುತ್ತದೆ. ನಿಷಾದವೂ ಹಾಗೇ ತುಸು ಇಳಿಯುತ್ತದೆ. ಕೆಳಗಿನ ಸ್ವರಮೇಳ ಅಂತರ ಗಾಂಧಾರದ ಹಸನ್ಮುಖದಲ್ಲಿದ್ದರೆ ಮೇಲಿನ ದನಿ ಸಾಧಾರಣ ಗಾಂಧಾರ ಹಿಡಿದು ಕೊರಗುತ್ತದೆ. ನಗುವೂ ಅಳುವೂ ಒಂದೇ ಬಾಯಲ್ಲಿ. ಗಮಕ ಕೇಳಿ ಪಳಗಿದ ಕಿವಿಗೆ ಇದು ಬೇಗ ಸಿಕ್ಕುತ್ತದೆ ಎಂಬುದು ನನ್ನ ಅನಿಸಿಕೆ.

ಇದನ್ನು ಬರೆದವರು ಯಾರು

ಕಥೆ ಬೇಡ ಎನ್ನುವವರು ಮುಂದಕ್ಕೆ ಹೋಗಬಹುದು. ಹೋಗದಿದ್ದರೆ ಒಳ್ಳೆಯದು.

ಸ್ಟಿಲ್ ಹುಟ್ಟಿದ್ದು 1895ರ ಮೇ 11ರಂದು, ಮಿಸಿಸಿಪಿ ರಾಜ್ಯದ ವುಡ್‌ವಿಲ್‌ನಲ್ಲಿ. ಮಗು ಕೆಲವೇ ತಿಂಗಳದ್ದಾಗಿದ್ದಾಗ ತಂದೆ ತೀರಿಕೊಂಡರು. ಟೀಚರ್ ಆಗಿದ್ದ ತಾಯಿ ಮಗನನ್ನು ಕರೆದುಕೊಂಡು ಲಿಟಲ್ ರಾಕ್‌ಗೆ ಬಂದರು. ಮನೆಯಲ್ಲಿ ಅಜ್ಜಿ ‘ಸ್ಪಿರಿಚುವಲ್’ಗಳನ್ನು, ಅಂದರೆ ಗುಲಾಮಗಿರಿಯ ಕಾಲದಿಂದ ಬಂದ ಭಕ್ತಿಯ ಹಾಡುಗಳನ್ನು ಹಾಡುತ್ತಿದ್ದರು. ಮಲತಂದೆಗೆ ಆಪೆರಾ ಹುಚ್ಚು, ರೆಕಾರ್ಡ್ ತಂದು ಕೇಳಿಸುತ್ತಿದ್ದರು. ತಾಯಿಗೆ ಮಗ ಡಾಕ್ಟರ್ ಆಗಲಿ ಎಂಬ ಆಸೆ. ಮಗ ಓದು ಅರ್ಧಕ್ಕೇ ಬಿಟ್ಟು ಬ್ಯಾಂಡ್ ಸೇರಿದ. ಎಲ್ಲೂ ನಡೆಯುವ ಕಥೆ, ಅಲ್ವಾ?

ಬ್ಲೂಸ್ ಹಾಡುಗಳನ್ನು ಅಚ್ಚು ಹಾಕಿಸಿ ಹೆಸರಾದ ಡಬ್ಲ್ಯು. ಸಿ. ಹ್ಯಾಂಡಿ ಅವರ ಬ್ಯಾಂಡಿನಲ್ಲಿ ನುಡಿಸಿದರು, ಅವರ ಹಾಡುಗಳಿಗೆ ವಾದ್ಯಗಳನ್ನು ಹೊಂದಿಸಿ ಬರೆದುಕೊಟ್ಟರು. 1921ರಲ್ಲಿ ನ್ಯೂಯಾರ್ಕಿನಲ್ಲಿ ‘ಶಫಲ್ ಅಲಾಂಗ್’ ಎಂಬ ಸಂಗೀತ ನಾಟಕಕ್ಕೆ ಓಬೋ ಎಂಬ ಮರದ ಊದುವಾದ್ಯ ನುಡಿಸಿದರು. ಆ ನಾಟಕದ ಹೆಸರು ಮುಂದೆ ಮತ್ತೆ ಬರುತ್ತದೆ. ಇದರ ಜೊತೆಜೊತೆಗೆ ಜಾರ್ಜ್ ಚ್ಯಾಡ್ವಿಕ್ ಅವರಂಥ ಹಳೆಯ ಸಂಪ್ರದಾಯದ ಗುರುವಿನ ಬಳಿಯೂ, ಎಡ್ಗಾರ್ ವಾರೀಸ್ ಅವರಂಥ ತೀರಾ ಹೊಸ ದಾರಿಯ ಗುರುವಿನ ಬಳಿಯೂ ಪಾಠ ಹೇಳಿಸಿಕೊಂಡರು. ಹಗಲು ಹೊಟ್ಟೆಪಾಡಿಗೆ ಜನಪ್ರಿಯ ಹಾಡುಗಳ ಕೆಲಸ, ತಲೆಯಲ್ಲಿ ಮಾತ್ರ ಸಿಂಫನಿ.

1929ರ ಆರ್ಥಿಕ ಕುಸಿತದ ನಂತರ ಕೆಲಸ ತಪ್ಪಿತು. ಆಗಲೇ ಈ ಕೃತಿಗೆ ಬಿಡುವು ಸಿಕ್ಕಿತೆಂದು ಸ್ಟಿಲ್ ಮುಂದೆ ನೆನಪಿಸಿಕೊಂಡಿದ್ದಾರೆ. ನ್ಯೂಯಾರ್ಕಿನ ಮನೆಗೆ ಹತ್ತಿರದ ಸದ್ದಿಲ್ಲದ ಕಟ್ಟಡವೊಂದರಲ್ಲಿ ರೂಮು ಹಿಡಿದು 1930ರ ಕೊನೆಯಲ್ಲಿ ಬರೆದರು. 1931ರ ಅಕ್ಟೋಬರಿನಲ್ಲಿ ಹವರ್ಡ್ ಹ್ಯಾನ್ಸನ್ ಅದನ್ನು ರಾಚೆಸ್ಟರ್ ಫಿಲ್‌ಹಾರ್ಮೋನಿಕ್‌ನಿಂದ ನುಡಿಸಿದರು. ಕಪ್ಪು ಅಮೆರಿಕನ್ ಸಂಗೀತಗಾರರೊಬ್ಬರ ಸಿಂಫನಿಯನ್ನು ದೊಡ್ಡ ಆರ್ಕೆಸ್ಟ್ರಾ ಎತ್ತಿಕೊಂಡದ್ದು ಅದೇ ಮೊದಲು.

ಒಂದು ಮಾತು ಇಲ್ಲಿ ಮುಖ್ಯ. ಆಗಿನ ಕಾಲಕ್ಕೆ ಸ್ಪಿರಿಚುವಲ್‌ಗಳಿಗೆ ಮರ್ಯಾದೆ ಇತ್ತು, ಚರ್ಚಿನಲ್ಲೂ ವೇದಿಕೆಯಲ್ಲೂ ಹಾಡುತ್ತಿದ್ದರು. ಬ್ಲೂಸ್ ಎಂದರೆ ಹೆಂಡದಂಗಡಿಯ ಹಾಡು. ಸ್ಟಿಲ್ ಬೇಕೆಂದೇ ಬ್ಲೂಸನ್ನು ಆರಿಸಿಕೊಂಡರು. ತಾನು ತೋರಿಸಬೇಕೆಂದಿರುವುದು ಮೇಲಂತಸ್ತಿನವರನ್ನಲ್ಲ, ಮಣ್ಣಿನ ಮಕ್ಕಳನ್ನು ಎಂದು ಟಿಪ್ಪಣಿಯಲ್ಲಿ ಬರೆದುಕೊಂಡರು. ಇದ್ದ ಹಾಡನ್ನು ಎರವಲು ತರಲಿಲ್ಲ, ಬ್ಲೂಸ್ ಅಚ್ಚಿನಲ್ಲಿ ಸ್ವಂತ ಮಟ್ಟನ್ನೇ ಹೊಯ್ದರು.

ಮೊದಲ ಭಾಗದ ಮೊದಲ ಎರಡು ನಿಮಿಷ: ಮೂರು ಸಲ

ಈಗ ಪ್ಲೇ ಒತ್ತಿ. ಪೂರ್ತಿ ಬೇಡ, ಶುರುವಿನ ಎರಡು ನಿಮಿಷ ಸಾಕು. ಭಾಗದ ಹೆಸರು ‘ಹಂಬಲ’.

ಮೊದಲ ಸಲ ಕೇಳುವಾಗ ವಾದ್ಯಗಳನ್ನಷ್ಟೇ ಗುರುತಿಸಿ. ಶುರುವಿನಲ್ಲಿ ಒಂದು ಒಂಟಿ ದನಿ ಬರುತ್ತದೆ, ತುಸು ಮೂಗಿನಲ್ಲಿ ಹಾಡಿದ ಹಾಗೆ. ಅದು ಇಂಗ್ಲಿಷ್ ಹಾರ್ನ್. ಹೆಸರು ಕೇಳಿ ಮೋಸ ಹೋಗಬೇಡಿ, ಅದು ಹಿತ್ತಾಳೆಯ ಕೊಂಬಲ್ಲ, ಓಬೋ ಜಾತಿಯ ಮರದ ವಾದ್ಯ. ನಮ್ಮ ನಾಗಸ್ವರದಂತೆ ಅದಕ್ಕೂ ಜೋಡಿ ಪೀಪಿ. ಯಾರೋ ಜಗಲಿಯಲ್ಲಿ ಒಬ್ಬರೇ ಕೂತು ಗುನುಗುತ್ತಿರುವಂತಿದೆ. ಇದು ಪೀಠಿಕೆ.

ಆಮೇಲೆ ಟ್ರಂಪೆಟ್ ಬರುತ್ತದೆ. ಆದರೆ ದನಿ ಬಾಯಿ ಮುಚ್ಚಿ ಹಾಡಿದಂತೆ ಬಿಗಿಯಾಗಿದೆ. ಟ್ರಂಪೆಟಿನ ಬಾಯಿಗೆ ‘ಮ್ಯೂಟ್’ ಸಿಕ್ಕಿಸಿದ್ದಾರೆ. ಜಾಝ್ ಬ್ಯಾಂಡಿನವರ ವರಸೆ ಅದು. ಸಿಂಫನಿಯ ಮುಖ್ಯ ಮಟ್ಟನ್ನು ಹೀಗೆ ನೈಟ್‌ಕ್ಲಬ್ ದನಿಯಲ್ಲಿ ಶುರು ಮಾಡಲು 1930ರಲ್ಲಿ ಧೈರ್ಯ ಬೇಕಿತ್ತು.

ಎರಡನೆಯ ಸಲ ತಾಳ ಹಾಕಿ. ಟ್ರಂಪೆಟ್ ಎತ್ತಿದ ಕಡೆಯಿಂದ ಎಣಿಸಿ, ಆರು ಆವರ್ತನ. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂರು ಸಾಲು ಸಿಕ್ಕಿತಾ? ಎರಡನೆಯ ಸಾಲಿಗೆ ಕೆಳಗಿನ ಆಧಾರ ಜರುಗಿದ್ದು ತಿಳಿಯಿತಾ? ತಿಳಿಯದಿದ್ದರೆ ಇನ್ನೊಂದು ಸಲ ಹಾಕಿ, ಈ ಬಾರಿ ಟ್ರಂಪೆಟನ್ನು ಬಿಟ್ಟು ಕೆಳಗಿನ ವಾದ್ಯಗಳ ಕಡೆಗಷ್ಟೇ ಕಿವಿ ಕೊಡಿ. ಎಣಿಕೆ ತಪ್ಪುವುದು ಸಾಮಾನ್ಯವಾಗಿ ಪೀಠಿಕೆಯನ್ನೂ ಸೇರಿಸಿ ಎಣಿಸಿದಾಗ. ಇಂಗ್ಲಿಷ್ ಹಾರ್ನ್ ಮುಗಿಯುವ ತನಕ ಕೈ ಕಟ್ಟಿ ಕೂರಿ.

ಮೂರನೆಯ ಸಲ ಓಗೊಡುವವರನ್ನು ಹುಡುಕಿ. ಟ್ರಂಪೆಟ್ ಉಸಿರು ಎಳೆದುಕೊಳ್ಳುವ ಖಾಲಿ ಜಾಗದಲ್ಲಿ ಬೇರೆ ವಾದ್ಯಗಳು ಸಣ್ಣ ಮಾತು ಸೇರಿಸುತ್ತವೆ. ಟ್ರಂಪೆಟ್ ಮುಗಿಸಿದ ಮೇಲೆ ಕ್ಲಾರಿನೆಟ್ ಅದೇ ಮಟ್ಟನ್ನು ಎತ್ತಿಕೊಳ್ಳುತ್ತದೆ, ಮತ್ತೆ ಹನ್ನೆರಡು ಬಾರ್. ಈ ಸುತ್ತಿನಲ್ಲಿ ಹರಟೆ ಜೋರು. ನಡಿಗೆಯಲ್ಲಿ ಒಂದು ತೂಗಾಟ ಬಂದಿರುತ್ತದೆ. ಅದನ್ನೇ ‘ಸ್ವಿಂಗ್’ ಎನ್ನುವುದು. ‘ತಕ ತಕ’ ಎಂದು ಸಮನಾಗಿ ಹೇಳುವ ಬದಲು ‘ತಾ…ಕ ತಾ…ಕ’ ಎಂದು ಮೊದಲನೆಯದನ್ನು ಎಳೆದು ಎರಡನೆಯದನ್ನು ಚುಟುಕು ಮಾಡಿ. ತಿಶ್ರ ನಡೆಯಲ್ಲಿ ನಡುವಿನ ಅಕ್ಷರ ನುಂಗಿದರೆ ಹೆಚ್ಚುಕಮ್ಮಿ ಇದೇ ಬರುತ್ತದೆ.

ಈಗ ಆಫ್ ಮಾಡಿ. ಆ ಮಟ್ಟನ್ನು ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಗುನುಗಿ. ತಪ್ಪಾದರೂ ಪರವಾಗಿಲ್ಲ. ಮೊದಲ ದಿನಕ್ಕೆ ಇಷ್ಟೇ.

ಎರಡನೆಯ ದಿನ: ಅದೇ ಭಾಗ, ಪೂರ್ತಿ

ಮೊದಲ ಭಾಗ ಸುಮಾರು ಏಳು ನಿಮಿಷ. ಇವತ್ತು ಹಾಳೆಯ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಗೊತ್ತಿರುವ ಬ್ಲೂಸ್ ಮಟ್ಟು ಕೇಳಿದಾಗಲೆಲ್ಲ ಆ ಗೆರೆಯ ಮೇಲೆ ‘ಬ್ಲೂ’ ಎಂದು ಬರೆಯಿರಿ.

ಎರಡು ಸುತ್ತು ಬ್ಲೂಸ್ ಮುಗಿದ ಮೇಲೆ ಓಬೋ ಒಂದು ಹೊಸ ಹಾಡು ತರುತ್ತದೆ. ಇದು ಸ್ಪಿರಿಚುವಲ್ ರೀತಿಯದ್ದು, ಅಜ್ಜಿಯ ನೆನಪಿನ ಹಾಡು ಎಂದುಕೊಳ್ಳಿ. ಐದು ಸ್ವರಗಳಲ್ಲೇ ಹೆಚ್ಚಾಗಿ ಓಡಾಡುತ್ತದೆ, ಹಾಗಾಗಿ ಮೋಹನ ರಾಗ ಬಲ್ಲವರಿಗೆ ಬಹಳ ಬೇಗ ಬಾಯಿಗೆ ಬರುತ್ತದೆ. ಅದಕ್ಕೆ ‘ಅಜ್ಜಿ’ ಎಂದೇ ಬರೆದುಕೊಳ್ಳಿ. ನಾನು ಹಾಗೇ ಬರೆದುಕೊಂಡಿದ್ದೆ, ಈಗಲೂ ಅದೇ ಹೆಸರು ಉಳಿದಿದೆ.

ಮಧ್ಯದಲ್ಲಿ ವೇಗ ಏರುತ್ತದೆ, ಪಿಟೀಲುಗಳು ಚಡಪಡಿಸುತ್ತವೆ. ಇಲ್ಲಿ ಸ್ಟಿಲ್ ಈಗಾಗಲೇ ಕೊಟ್ಟ ಮಟ್ಟುಗಳನ್ನು ತುಂಡು ಮಾಡಿ ಆಡಿಸುತ್ತಾರೆ. ಎಲ್ಲ ತುಂಡನ್ನೂ ಹಿಡಿಯಲು ಹೋಗಬೇಡಿ, ಸುಮ್ನೆ ತಲೆನೋವು.

ಇಲ್ಲಿಂದ ವಾಪಸ್ಸು ಬರುವ ದಾರಿಯೇ ಸ್ವಾರಸ್ಯ. ಯುರೋಪಿನ ಸಿಂಫನಿಗಳ ರೂಢಿಯಂತೆ ಮೊದಲ ಮಟ್ಟು ಮೊದಲು ಮರಳಬೇಕು, ಎರಡನೆಯದು ಆಮೇಲೆ. ಸ್ಟಿಲ್ ಅದನ್ನು ತಿರುಗಿಸಿದ್ದಾರೆ. ಮೊದಲು ಅಜ್ಜಿಯ ಹಾಡು ಬರುತ್ತದೆ. ಆದರೆ ಈ ಸಲ ಮೈನರ್ ಛಾಯೆಯಲ್ಲಿ, ಗಾಂಧಾರ ಇಳಿದಿದೆ, ಮುಖ ಬಾಡಿದೆ. ಅದಾದ ಮೇಲೆ ಬ್ಲೂಸ್ ಬರುತ್ತದೆ, ಮ್ಯೂಟ್ ಹಾಕಿದ ಟ್ರಂಪೆಟ್‌ಗಳಲ್ಲಿ, ತೂಗಾಡುತ್ತಾ. ಕೊನೆಯ ಮಾತು ಬ್ಲೂಸಿನದ್ದೇ ಆಗಬೇಕಿತ್ತು, ಅದಕ್ಕೇ ಈ ಅದಲುಬದಲು ಎಂದು ನನಗನಿಸುತ್ತದೆ. ಹಾಳೆ ನೋಡಿ. ಬ್ಲೂ, ಬ್ಲೂ, ಅಜ್ಜಿ, ಗಡಿಬಿಡಿ, ಅಜ್ಜಿ, ಬ್ಲೂ ಎಂದು ಬಂದಿದ್ದರೆ ನೀವು ಸಿಂಫನಿಯ ಒಂದು ಭಾಗವನ್ನು ಸರಿಯಾಗಿ ಕೇಳಿದ್ದೀರಿ.

ಎರಡನೆಯ ಭಾಗ: ವೇಷ ಬದಲಿಸಿದ ಮಟ್ಟು

ಹೆಸರು ‘ದುಃಖ’. ನಿಧಾನ ಗತಿ, ಐದಾರು ನಿಮಿಷ. ಇಲ್ಲಿ ತಾಳ ಹಾಕಬೇಡಿ, ಹನ್ನೆರಡರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಶುರುವಿನಲ್ಲಿ ಮೊದಲ ಭಾಗದ ಪೀಠಿಕೆಯ ನೆರಳು ಸುಳಿಯುತ್ತದೆ. ಆಮೇಲೆ ಓಬೋ ಒಂದು ಅಳುಕಿನ ಹಾಡು ಹಿಡಿಯುತ್ತದೆ. ಗುನುಗಿ ಅಭ್ಯಾಸ ಮಾಡಿಕೊಂಡಿರುವ ಬ್ಲೂಸ್ ಮಟ್ಟನ್ನು ಒಮ್ಮೆ ಮನಸ್ಸಿನಲ್ಲಿ ನಿಧಾನ ಮಾಡಿ, ತೂಗಾಟ ತೆಗೆದುಹಾಕಿ, ಈ ಓಬೋ ಹಾಡಿನ ಪಕ್ಕದಲ್ಲಿಟ್ಟು ನೋಡಿ. ಸಂಬಂಧಿಕರ ಮದುವೆಯಲ್ಲಿ ಪರಿಚಯವಿಲ್ಲದವರ ಮೂಗು ನೋಡಿ ‘ನೀವು ಇಂಥವರ ಮಗಳಲ್ವಾ’ ಎನ್ನುತ್ತೇವಲ್ಲ, ಆ ಬಗೆಯ ಹೋಲಿಕೆ ಸಿಗುತ್ತದೆ. ಮುಂದೆ ಕೊಳಲು ತನ್ನ ಮಾತು ಸೇರಿಸುತ್ತದೆ. ಅದರಲ್ಲಿ ‘ಅಜ್ಜಿ’ ಸಿಗುತ್ತಾರಾ ಹುಡುಕಿ.

ಕೃತಿ ಬರೆದಾದ ಮೇಲೆ ಸ್ಟಿಲ್ ಪ್ರತಿ ಭಾಗಕ್ಕೂ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಪದ್ಯದ ಸಾಲುಗಳನ್ನು ಜೋಡಿಸಿದರು. ಡನ್‌ಬಾರ್ (1872–1906) ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದ ಕವಿ, ಜನರ ಆಡುಮಾತಿನಲ್ಲೇ ಬರೆದದ್ದಕ್ಕೆ ಹೆಸರಾದವರು. ಈ ಭಾಗಕ್ಕೆ ಆರಿಸಿದ ಸಾಲುಗಳ ಸಾರ ಇಷ್ಟು: ಈ ನೋವಿನ ನೆಲದಲ್ಲಿ ಬಿದ್ದುಕೊಂಡು ಸಾಕಾಗಿದೆ, ಸತ್ತು ಮನೆಗೆ ಹೋಗಿಬಿಟ್ಟರೆ ಎಷ್ಟು ಹಿತ. ಓಬೋ ಹಾಡುವಾಗ ಆ ಮಾತು ನೆನಪಿರಲಿ.

ನನ್ನನ್ನು ಕೇಳಿದರೆ ಇಡೀ ಕೃತಿಯಲ್ಲಿ ಅತಿ ಚೆಂದದ ಭಾಗ ಇದೇ. ರಾತ್ರಿ ದೀಪ ಆರಿಸಿ ಕೇಳಿ.

ಮೂರನೆಯ ಭಾಗ: ಬ್ಯಾಂಜೋ ಎಲ್ಲಿದೆ?

ಮೂರೂವರೆ ನಿಮಿಷದ್ದು, ಹೆಸರು ‘ವಿನೋದ’. ಎದ್ದು ನಿಂತು ಕೇಳಿದರೂ ಆದೀತು. ವಿನೋದ ಎಂದರೆ ಚೇಷ್ಟೆಯ ನಗು ಎಂದುಕೊಳ್ಳಬೇಡಿ. ಭಕ್ತಿ ಉಕ್ಕಿ ಚಪ್ಪಾಳೆ ತಟ್ಟಿ ಕುಣಿಯುವ ಖುಷಿ ಇದು. ಲೆಕ್ಕ ಒಪ್ಪಿಸುವ ಆ ದೊಡ್ಡ ದಿನ ಹಲ್ಲೆಲೂಯಾ ಕೂಗೋಣ ಎಂಬ ಡನ್‌ಬಾರ್ ಸಾಲು ಇದಕ್ಕಿದೆ. ಬಿಡುಗಡೆ ಇನ್ನೂ ಕಣ್ಣಿಗೆ ಕಾಣದ ಕಾಲದಲ್ಲಿ ಗುಲಾಮರಿಗೆ ಕೊಟ್ಟ ಪ್ರವಚನದ ರೂಪದಲ್ಲಿರುವ ಪದ್ಯ ಅದು. ಹಾಗಾಗಿ ಕುಣಿತದ ಒಳಗೆ ಒಂದು ಪಟ್ಟೂ ಇದೆ.

ಮೊದಲ ಕೆಲಸ ಬ್ಯಾಂಜೋ ಹುಡುಕುವುದು. ಮಟ್ಟು ನುಡಿಸುವವರ ಹಿಂದೆ, ಎಣಿಕೆಯ ನಡುನಡುವೆ ‘ಚಕ್, ಚಕ್’ ಎಂದು ತಂತಿ ಮೀಟುವ ಸದ್ದು. ಬಲಗೈಯಲ್ಲಿ ತಾಳ ಹಾಕಿದರೆ ಬ್ಯಾಂಜೋ ನಿಮ್ಮ ಕೈ ಮೇಲಿದ್ದಾಗ ಬೀಳುತ್ತದೆ. ಆಫ್ರಿಕಾದಿಂದ ಹಿಡಿದು ತಂದ ಜನ ತಮ್ಮ ನೆನಪಿನಿಂದ ಕಟ್ಟಿಕೊಂಡ ವಾದ್ಯದ ವಂಶ ಇದು. ಮುಂದೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟಗಳಲ್ಲಿ ಇದನ್ನೇ ನುಡಿಸಿದರು. ಅಂಥ ವಾದ್ಯವನ್ನು ಸ್ಟಿಲ್ ಪಿಟೀಲು, ಚೆಲ್ಲೋಗಳ ನಡುವೆ ಕುರ್ಚಿ ಹಾಕಿ ಕೂರಿಸಿದರು. ಹಾಗೆ ಕೂತದ್ದಕ್ಕೆ ಎಷ್ಟು ಅರ್ಥ ಇದೆಯೋ ನೋಡಿ.

ಎರಡನೆಯ ಕೆಲಸ ತುಸು ಪತ್ತೇದಾರಿ. ಮುಖ್ಯ ಮಟ್ಟು ಬರುವಾಗಲೇ ಹಿನ್ನೆಲೆಯಲ್ಲಿ ಕೊಂಬುಗಳು ನಾಲ್ಕು ಸ್ವರದ ಒಂದು ಏರು ತುಣುಕನ್ನು ಊದುತ್ತವೆ. ಹಳೆಯ ಅಮೆರಿಕನ್ ಹಾಡುಗಳ ಪರಿಚಯ ಇದ್ದರೆ ಥಟ್ಟನೆ ‘ಐ ಗಾಟ್ ರಿದಮ್’ ನೆನಪಾಗುತ್ತದೆ. ಜಾರ್ಜ್ ಗರ್ಶ್ವಿನ್ ಅವರ ಆ ಹಾಡು ಬ್ರಾಡ್‌ವೇ ರಂಗಕ್ಕೆ ಬಂದದ್ದು 1930ರ ಅಕ್ಟೋಬರಿನಲ್ಲಿ. ಸ್ಟಿಲ್ ಸಿಂಫನಿ ಬರೆದದ್ದು ಅದರ ಬೆನ್ನಿಗೇ. ಹಾಗಾದರೆ ಸ್ಟಿಲ್ ನಕಲು ಮಾಡಿದರಾ? ಸ್ಟಿಲ್ ಕಡೆಯ ಮಾತು ಬೇರೆ. ‘ಶಫಲ್ ಅಲಾಂಗ್’ ನಾಟಕದ ದಿನಗಳಲ್ಲಿ ತಾನು ಓಬೋದಲ್ಲಿ ಅಂಥ ತುಣುಕುಗಳನ್ನು ಮನಸೋ ಇಚ್ಛೆ ನುಡಿಸುತ್ತಿದ್ದೆ, ಗರ್ಶ್ವಿನ್ ಆ ನಾಟಕ ನೋಡಲು ಬರುತ್ತಿದ್ದರು, ಅಲ್ಲಿಂದ ಅದು ಅವರ ಕಿವಿಗೆ ಬಿದ್ದಿರಬಹುದು ಎಂಬುದು ಅವರ ಊಹೆ. ಗರ್ಶ್ವಿನ್ ಕದ್ದರು ಎಂದು ಅವರು ಕೂಗಾಡಲಿಲ್ಲ. ತುಣುಕನ್ನು ತನ್ನ ಸಿಂಫನಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಇಟ್ಟುಬಿಟ್ಟರು. ಅದನ್ನು ಉತ್ತರ ಎಂದು ಓದುವವರೂ ಇದ್ದಾರೆ, ನಾನೂ ಆ ಕಡೆಯವನೇ.

ಈ ಭಾಗವನ್ನು ಎರಡು ಸಲ ಹಾಕಿದರೂ ಏಳು ನಿಮಿಷ. ಒಂದು ಸಲ ಬ್ಯಾಂಜೋಗೆ, ಇನ್ನೊಂದು ಸಲ ಕೊಂಬಿಗೆ.

ನಾಲ್ಕನೆಯ ಭಾಗಕ್ಕೆ ತಾಳ್ಮೆ ಬೇಕು

ಹೆಸರು ‘ಹಿರಿಯಾಸೆ’ ಎನ್ನಬಹುದು. ಸುಮಾರು ಎಂಟು ನಿಮಿಷ. ಹೊಸ ಕೇಳುಗರು ಸಾಮಾನ್ಯವಾಗಿ ಇಲ್ಲಿ ಸೋಲುತ್ತಾರೆ. ಮೂರನೆಯ ಭಾಗದ ಕುಣಿತದ ಗುಂಗಿನಲ್ಲಿ ಇನ್ನೂ ಜೋರಾದದ್ದು ಬರುತ್ತದೆಂದು ಕಾದಿರುತ್ತೇವೆ. ಬರುವುದು ಮಾತ್ರ ತಂತಿವಾದ್ಯಗಳ ನಿಧಾನದ, ಅಗಲವಾದ, ಪ್ರಾರ್ಥನೆಯಂಥ ಹಾಡು.

ಇಲ್ಲಿ ನನ್ನ ಸಲಹೆ ಒಂದೇ. ಈ ಭಾಗವನ್ನು ಬೇರೆ ದಿನ ಕೇಳಿ. ಅದರ ಪಾಡಿಗೆ ಅದನ್ನು ಕೇಳಿದಾಗ ಆ ಹಾಡಿನ ಉದ್ದ ಉಸಿರು ಗೊತ್ತಾಗುತ್ತದೆ. ಚೆಲ್ಲೋಗಳು ಅದನ್ನು ಹಿಡಿಯುವ ಜಾಗಕ್ಕೆ ಕಾದಿರಿ, ಗಂಡಸರ ಮಂದ್ರ ಸ್ವರದಲ್ಲಿ ಹಾಡಿದಂತಿರುತ್ತದೆ. ಹಳೆಯ ಬ್ಲೂಸ್ ಮಟ್ಟಿನ ಎಳೆಗಳು ಇಲ್ಲೂ ಹೊರಗೂ ಒಳಗೂ ಓಡಾಡುತ್ತಿರುತ್ತವೆ. ಪೂರ್ತಿ ಸಾಲು ಹುಡುಕಬೇಡಿ, ಎರಡು ಮೂರು ಸ್ವರದ ತಿರುವು ಸಿಕ್ಕರೆ ಸಾಕು.

ಕೊನೆಗೆ ಗತಿ ಥಟ್ಟನೆ ಏರುತ್ತದೆ, ಇಡೀ ಆರ್ಕೆಸ್ಟ್ರಾ ಓಡಲು ಶುರು ಮಾಡುತ್ತದೆ. ಈ ಓಟ ಮುಗಿಯುವುದು ಮೈನರ್ ಛಾಯೆಯಲ್ಲಿ. ಡನ್‌ಬಾರ್ ಸಾಲುಗಳು ಹೆಮ್ಮೆಯವು, ನನ್ನ ಜನರೇ ತಲೆ ಎತ್ತಿ, ನಿಮ್ಮ ಹೆಸರು ಬೆಂಕಿಯ ಅಕ್ಷರದಲ್ಲಿ ಬರೆದಿದೆ ಎನ್ನುತ್ತವೆ. ಸಂಗೀತ ಅಷ್ಟು ಸಲೀಸಾಗಿ ಜಯಭೇರಿ ಬಾರಿಸುವುದಿಲ್ಲ. ಶಕ್ತಿ ಇದೆ, ಹುಮ್ಮಸ್ಸಿದೆ, ಸಿಹಿ ಹಂಚುವ ಸಮಾಧಾನ ಇಲ್ಲ. ಗುರಿ ಮುಟ್ಟಿದವರ ಹಾಡಲ್ಲ, ಓಡುತ್ತಿರುವವರ ಹಾಡು. 1930ರ ಅಮೆರಿಕದಲ್ಲಿ ಕಪ್ಪು ಜನರಿಗೆ ಎಷ್ಟೋ ಹೋಟೆಲುಗಳ ಬಾಗಿಲು ಮುಚ್ಚಿತ್ತು, ದಕ್ಷಿಣದಲ್ಲಿ ಓಟು ಹಾಕಲೂ ಬಿಡುತ್ತಿರಲಿಲ್ಲ. ಅಲ್ಲಿ ಕೂತು ಬರೆದವರಿಗೆ ಸುಖಾಂತ್ಯ ಬರೆಯಲು ಕೈ ಬರಲಿಲ್ಲವೇನೋ.

ಈಗ ಒಂದೇ ಓಟಕ್ಕೆ

ಐದನೆಯ ದಿನ ಪೂರ್ತಿ ಕೇಳಿ. ಹಾಳೆ, ತಾಳ ಏನೂ ಬೇಡ. ನಾಲ್ಕು ಭಾಗಗಳ ನಡುವೆ ಫೋನ್ ಮುಟ್ಟಬೇಡಿ. ಯಾವತ್ತಾದರೂ ಸಭಾಂಗಣದಲ್ಲಿ ಸಿಂಫನಿ ಕೇಳುವ ಅವಕಾಶ ಸಿಕ್ಕರೆ ಒಂದು ರೂಢಿ ಗೊತ್ತಿರಲಿ: ಒಂದು ಭಾಗ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ. ನಮ್ಮ ಕಚೇರಿಯಲ್ಲಿ ತನಿ ಮುಗಿದೊಡನೆ ತಟ್ಟುವ ಕೈಗೆ ಇದು ಶಿಕ್ಷೆಯೇ. ಈ ಕೃತಿಯ ಮೂರನೆಯ ಭಾಗ ಮುಗಿದಾಗಲಂತೂ ಕೈ ತಡೆಯುವುದು ಕಷ್ಟ, ತಟ್ಟಿಬಿಟ್ಟರೂ ಯಾರೂ ಹೊರಗೆ ಹಾಕುವುದಿಲ್ಲ ಬಿಡಿ.

ಒಟ್ಟಿಗೆ ಕೇಳುವಾಗ ಕೆಲವು ಸಣ್ಣ ಸದ್ದುಗಳ ಮೇಲೂ ಕಣ್ಣಿಡಿ. ತಂತಿಯ ಬ್ರಷ್ಷಿನಲ್ಲಿ ಸವರುವ ಸದ್ದು ಜಾಝ್ ಡ್ರಮ್ಮರ್‌ಗಳದ್ದು. ಲೋಹದ ಪಟ್ಟಿಗಳ ಮೇಲೆ ಗುಂಯ್‌ಗುಡುವ ವೈಬ್ರಫೋನ್ ಆಗಿನ್ನೂ ಹೊಸ ವಾದ್ಯ. ಹತ್ತಾರು ವರ್ಷ ಬ್ಯಾಂಡು, ರೇಡಿಯೋ, ನಾಟಕಗಳಿಗೆ ದುಡಿದ ಕೈಗೆ ಯಾವ ವಾದ್ಯದಿಂದ ಯಾವ ಬಣ್ಣ ಬರುತ್ತದೆ ಎಂಬುದು ಕರಗತವಾಗಿತ್ತು. ಹೊಟ್ಟೆಪಾಡಿನ ಆ ಕೆಲಸ ಇಲ್ಲಿ ದಂಡವಾಗಿಲ್ಲ.

ಇದರ ರುಚಿ ಹತ್ತಿದರೆ ಮುಂದಿನದಕ್ಕೆ ದೂರ ಹೋಗಬೇಕಿಲ್ಲ. ಫ್ಲಾರೆನ್ಸ್ ಪ್ರೈಸ್ ಅವರ ಮೊದಲ ಸಿಂಫನಿ ಹುಡುಕಿ. 1933ರಲ್ಲಿ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಅದನ್ನು ಮೊದಲು ನುಡಿಸಿತು. ಪ್ರೈಸ್ ಹುಟ್ಟಿದ್ದು 1887ರಲ್ಲಿ, ಸ್ಟಿಲ್ ಬೆಳೆದ ಅದೇ ಲಿಟಲ್ ರಾಕ್‌ನಲ್ಲಿ. ಅದರ ಮೂರನೆಯ ಭಾಗದ ಹೆಸರು ‘ಜೂಬಾ ಡ್ಯಾನ್ಸ್’. ಗುಲಾಮರಿಗೆ ಡೋಲು ಬಾರಿಸಲು ಬಿಡದಿದ್ದ ಕಡೆಗಳಲ್ಲಿ ತೊಡೆ, ಎದೆ, ಅಂಗೈ ತಟ್ಟಿಕೊಂಡೇ ಲಯ ಕಟ್ಟಿದ ಕುಣಿತ ಅದು. ಅಲ್ಲಿಗೆ ಹೋಗುವಾಗ ಪೆನ್ನು, ಹಾಳೆ ಬೇಡ. ತೊಡೆ ಸಾಕು.